ಚಾವ್: ಕಾಯಿಲೆ ಬಿದ್ದವರಿಗೆ ವಿಯೆಟ್ನಾಮಿ ಮನೆಯ ಗಂಜಿ ಮಾಡುವ ಬಗೆ

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯನ್ನು ನಾನು ‘ಬಾ’ ಅಂತ ಕರೆಯುತ್ತೇನೆ. ವಿಯೆಟ್ನಾಮಿ ಭಾಷೆಯಲ್ಲಿ ಬಾ ಅಂದರೆ ಅಜ್ಜಿ. ಮೊದಲ ಸಲ ಫೋನಿನಲ್ಲಿ ಇದನ್ನು ಕೇಳಿಸಿಕೊಂಡ ನಮ್ಮಮ್ಮ, ‘ಅಷ್ಟು ದೊಡ್ಡವರನ್ನು ಬಾ ಹೋಗು ಅಂತೀಯಲ್ಲೇ’ ಅಂತ ಮಂಗಳೂರಿನಿಂದಲೇ ಗದರಿದ್ದರು.

ಬಾ ಪರಿಚಯ ಆದದ್ದು ಒಂದು ಜನವರಿಯಲ್ಲಿ, ನನಗೆ ಫ್ಲೂ ಬಂದಾಗ. ಗಂಡ ಊರಲ್ಲಿರಲಿಲ್ಲ. ಮಗಳಿಗೆ ಮೂರು ವರ್ಷ. ಎರಡು ದಿನ ಬ್ರೆಡ್ಡು, ಬಿಸಿನೀರಿನಲ್ಲೇ ಕಳೆದಿದ್ದೆ. ಮೂರನೇ ದಿನ ಬಾಗಿಲು ಬಡಿದ ಸದ್ದು. ಟವೆಲ್ ಸುತ್ತಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಿ ನಿಂತಿದ್ದರು. ಮಗು ಎರಡು ದಿನದಿಂದ ಅಂಗಳದಲ್ಲಿ ಕಾಣಲಿಲ್ಲ ಅಂತ ಬಂದಿದ್ದರಂತೆ. ಮುಚ್ಚಳ ತೆಗೆದರು. ಬಿಳಿ ಗಂಜಿ, ಮೇಲೆ ಈರುಳ್ಳಿ ಸೊಪ್ಪು, ಜೊತೆಗೆ ನೇರಳೆ ಬಣ್ಣದ ಯಾವುದೋ ಎಲೆ. ‘ಅನ್ ದಿ, ಕಾನ್’ ಅಂದರು. ತಿನ್ನು ಮಗೂ ಅಂತ.

ಆ ಗಂಜಿಯ ಹೆಸರು ಚಾವ್. ಆಮೇಲಿನ ವರ್ಷಗಳಲ್ಲಿ ಬಾ ಅಡುಗೆಮನೆಯಲ್ಲಿ ನಿಂತು ಇದನ್ನು ಕಲಿತೆ. ಅವರ ಸೊಸೆ ಮಾತು ತಿಳಿಸಿ ಹೇಳುತ್ತಿದ್ದರು. ನಾನು ಲೋಟ, ಚಮಚ ಹಿಡಿದುಕೊಂಡು ಅವರು ಹಾಕುವುದನ್ನೆಲ್ಲ ಅಳೆದು ಬರೆದುಕೊಳ್ಳುತ್ತಿದ್ದೆ. ಚಾವ್ ಅಂದರೆ ಒಂದೇ ಅಡುಗೆ ಅಲ್ಲ. ಮಲಗಿರುವವರ ಹೊಟ್ಟೆ ಎಷ್ಟು ತಾಳುತ್ತದೆ ಅಂತ ನೋಡಿಕೊಂಡು ದಿನದಿನಕ್ಕೂ ಬದಲಾಗುವ ಅಡುಗೆ. ಇದು ತಲೆಗೆ ಹೋಗದಿದ್ದರೆ ಅಳತೆ ಎಷ್ಟು ಸರಿಯಿದ್ದರೂ ಉಪಯೋಗ ಕಡಿಮೆ.

ಈ ಮನೆಗಳ ಬಗ್ಗೆ ಒಂದೆರಡು ಮಾತು

1975ರ ಏಪ್ರಿಲ್ 30ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಕಮ್ಯುನಿಸ್ಟ್ ಸೇನೆಯ ಕೈಗೆ ಬಿತ್ತು. ಆ ವರ್ಷವೇ ಲಕ್ಷಕ್ಕೂ ಹೆಚ್ಚು ವಿಯೆಟ್ನಾಮಿಗಳು ಅಮೆರಿಕಕ್ಕೆ ಬಂದರು. ಕ್ಯಾಲಿಫೋರ್ನಿಯಾದ ಕ್ಯಾಂಪ್ ಪೆಂಡಲ್ಟನ್, ಅರ್ಕನ್ಸಾದ ಫೋರ್ಟ್ ಚಾಫೀಯಂಥ ಸೇನಾ ಶಿಬಿರಗಳಲ್ಲಿ ಅವರ ಮೊದಲ ತಿಂಗಳುಗಳು ಕಳೆದವು. ಆಮೇಲೆ ದೋಣಿ ಹತ್ತಿ ಬಂದವರ ಕಾಲ. ಬಾ 1981ರಲ್ಲಿ ಎರಡು ಮಕ್ಕಳ ಜೊತೆ ದೋಣಿ ಹತ್ತಿದವರು. ಮಲೇಷ್ಯಾದ ಪುಲಾವ್ ಬಿಡಾಂಗ್ ದ್ವೀಪದ ಶಿಬಿರದಲ್ಲಿ ಎಂಟು ತಿಂಗಳು ಇದ್ದರು. ಸ್ಯಾನ್ ಹೋಸೆಗೆ ಬಂದ ಮೇಲೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಜೋಡಣೆ ಕೆಲಸ. ಈಗ ಈ ಊರಲ್ಲಿ ಲಕ್ಷಕ್ಕೂ ಹೆಚ್ಚು ವಿಯೆಟ್ನಾಮಿಗಳಿದ್ದಾರೆ. ವಿಯೆಟ್ನಾಂ ಬಿಟ್ಟರೆ ಜಗತ್ತಿನ ಬೇರೆ ಯಾವ ನಗರದಲ್ಲೂ ಇಷ್ಟು ಜನ ಇಲ್ಲ. ಸ್ಟೋರಿ ರೋಡಿನ ಅಂಗಡಿಗಳಿಗೆ ಹೋದರೆ ಇಂಗ್ಲಿಷ್ ಬೋರ್ಡು ಹುಡುಕಬೇಕು.

ನಮಗೂ ಅವರಿಗೂ ಊಟದ ಲೆಕ್ಕ ಬಹಳ ಹತ್ತಿರ. ಎದುರಿಗೆ ಸಿಕ್ಕರೆ ನಾವು ‘ಊಟ ಆಯ್ತಾ?’ ಅನ್ನುತ್ತೇವೆ. ಅವರು ‘ಅನ್ ಕಮ್ ಚುವಾ?’ ಅನ್ನುತ್ತಾರೆ. ಅದೇ ಮಾತು. ನಾವು ಉಷ್ಣ, ತಂಪು ಅನ್ನುವ ಹಾಗೆ ಅವರಲ್ಲೂ ನಾಂಗ್, ಲಾನ್ ಅಂತ ಎರಡು ಗುಂಪು. ಮಾವಿನಹಣ್ಣು ಉಷ್ಣ, ಹೆಸರುಕಾಳು ತಂಪು. ಬಾಯಿಹುಣ್ಣು ಆದರೆ ‘ಮೈಯಲ್ಲಿ ಉಷ್ಣ ಆಗಿದೆ’ ಅಂತ ಬಾ ಕೂಡ ಹೇಳುತ್ತಾರೆ. ಅದಕ್ಕೆ ಅವರು ಕುಡಿಸುವುದು ರಾವ್ ಮಾ ಅನ್ನುವ ಸೊಪ್ಪಿನ ರಸ. ಕೈಯಲ್ಲಿ ಹಿಡಿದು ನೋಡಿದರೆ ನಮ್ಮ ಒಂದೆಲಗ! ನಾವು ತಂಬುಳಿ ಮಾಡುವುದನ್ನು ಅವರು ಸಕ್ಕರೆ, ಐಸ್ ಹಾಕಿ ಕುಡಿಯುತ್ತಾರೆ. ಅವರ ಹಿತ್ತಲಿನ ಕುಂಡದಲ್ಲಿ ದೊಡ್ಡಪತ್ರೆಯೂ ಇದೆ. ಕೆಮ್ಮಿಗೆ ಅದನ್ನು ಕಲ್ಲುಸಕ್ಕರೆ ಜೊತೆ ಹಬೆಯಲ್ಲಿ ಬೇಯಿಸಿ ರಸ ಕೊಡುತ್ತಾರೆ. ನಮ್ಮಮ್ಮ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ ಜೇನು ಸೇರಿಸಿ ಕೊಡುತ್ತಿದ್ದರು. ಜೇನು ಮಾತ್ರ ಒಂದು ವರ್ಷದೊಳಗಿನ ಮಗುವಿಗೆ ಬೇಡ.

ಹಂತ 1: ಯಾವ ಚಾವ್ ಅಂತ ನಿರ್ಧರಿಸಿ

ನಾನು ತಪ್ಪಿದ್ದೇ ಇಲ್ಲಿ. ಬಾಗೆ ಮಂಡಿ ಆಪರೇಷನ್ ಆಯಿತು. ಮನೆಗೆ ಬಂದ ಮರುದಿನವೇ ನಾನು ಕೋಳಿ ಹಾಕಿದ, ಹುರಿದ ಈರುಳ್ಳಿ ಉದುರಿಸಿದ ಗಟ್ಟಿ ಚಾವ್ ಒಯ್ದೆ. ಆರು ತಾಸು ಕಷ್ಟಪಟ್ಟು ಮಾಡಿದ್ದೆ. ನೋವಿನ ಮಾತ್ರೆಗೆ ಬಾಗೆ ಹೊಟ್ಟೆ ತೊಳಸುತ್ತಿತ್ತು. ಒಂದು ಚಮಚ ಬಾಯಿಗಿಟ್ಟು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನನ್ನ ಕೈ ಹಿಡಿದು ಸೊಸೆಯ ಮೂಲಕ ಹೇಳಿದರು: ‘ಮೊದಲು ಮುಖ ನೋಡು, ಆಮೇಲೆ ನೀರು ಅಳೆ.’ ಅವತ್ತೇ ಮನೆಗೆ ಹೋಗಿ ಬರೀ ಗಂಜಿ ತಿಳಿ ಮಾಡಿಕೊಂಡು ಬಂದೆ. ಅದನ್ನು ಪೂರ್ತಿ ಕುಡಿದರು.

ವಾಂತಿ, ಜ್ವರ ಜಾಸ್ತಿ ಇರುವ ದಿನ, ಬಾಯಿಗೆ ಏನೂ ಸೇರದ ದಿನ, ತಿಳಿ ಮಾತ್ರ. ಒಂದು ಲೋಟ ಅಕ್ಕಿಗೆ 20 ಲೋಟ ನೀರು. ಒಂದು ತಾಸು ಸಣ್ಣ ಉರಿಯಲ್ಲಿ ಬೇಯಿಸಿ, ಸೋಸಿ, ಚಿಟಿಕೆ ಉಪ್ಪು ಹಾಕಿ. ಗುಟುಕು ಗುಟುಕಾಗಿ ಕುಡಿಸಿ. ಭೇದಿ ಆಗುತ್ತಿದ್ದರೆ ಇದನ್ನೇ ನಂಬಿ ಕೂರಬೇಡಿ, ಓಆರ್‌ಎಸ್ ಕೊಡಿ. ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಹಸಿವು ಸ್ವಲ್ಪ ಸ್ವಲ್ಪ ಮರಳಿದಾಗ ಚಾವ್ ತ್ರಾಂಗ್, ಅಂದರೆ ಬಿಳಿ ಗಂಜಿ. ಪಕ್ಕದಲ್ಲಿ ಉಪ್ಪಾದ ಏನಾದರೂ ಒಂದು. ಅವರು ಉಪ್ಪಿನಲ್ಲಿ ನೆನೆಸಿದ ಬಾತುಕೋಳಿ ಮೊಟ್ಟೆಯನ್ನು ಬೇಯಿಸಿ ಇಡುತ್ತಾರೆ, ಇಲ್ಲವೇ ಎಳೆಎಳೆಯಾಗಿ ಬಿಡಿಸಿ ಒಣಗಿಸಿದ ಹಂದಿಮಾಂಸ. ನಮ್ಮ ಕಡೆ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ, ಒಣಮೀನಿನ ಚಟ್ನಿ ಇದ್ದ ಹಾಗೆ.

ಶೀತ, ಮೈಕೈ ನೋವಿಗೆ ಈರುಳ್ಳಿ ಸೊಪ್ಪು ಮತ್ತು ತಿಯಾ ತೋ ಅನ್ನುವ ನೇರಳೆ ಎಲೆಯ ಚಾವ್. ನನಗೆ ಮೊದಲ ದಿನ ಬಂದದ್ದು ಇದೇ. ಎದ್ದು ಕೂರುವ ಹೊತ್ತಿಗೆ ಚಾವ್ ಗಾ, ಕೋಳಿ ಗಂಜಿ. ಇದು ಬರೀ ರೋಗಿಯದ್ದಲ್ಲ. ಇದನ್ನು ಮಾಡಿದ ದಿನ ಮನೆಮಂದಿಯೆಲ್ಲ ಒಟ್ಟಿಗೆ ಕೂರುತ್ತಾರೆ.

ಇನ್ನೊಂದು ಮಾತು. ಗಂಜಿ ಎಲ್ಲ ಹಿರಿಯರಿಗೂ ಹಿತವಲ್ಲ. 1975ರ ನಂತರದ ಬಡತನದ ವರ್ಷಗಳಲ್ಲಿ ಇದ್ದ ಸ್ವಲ್ಪ ಅಕ್ಕಿಗೆ ನೀರು ಹಾಕಿ ಹಿಗ್ಗಿಸಿ ಬದುಕಿದವರು ಬಹಳ ಜನ. ಗೆಣಸು, ಮರಗೆಣಸು ಬೆರೆಸಿದ ಅನ್ನ ತಿಂದವರು. ಅಂಥವರಿಗೆ ತೆಳು ಗಂಜಿ ನೋಡಿದರೆ ಹಸಿವಿನ ನೆನಪು ಬರಬಹುದು. ಬಾ ಮನೆಯ ಯಜಮಾನರು ಕೊನೆಯವರೆಗೂ ಬಿಳಿ ಚಾವ್ ಮುಟ್ಟಲಿಲ್ಲವಂತೆ. ಒಯ್ಯುವ ಮುಂಚೆ ಒಂದು ಮಾತು ಕೇಳಿ.

ಹಂತ 2: ಸಾಮಾನು ಜೋಡಿಸಿ

ಇಲ್ಲಿ ಚಾವ್ ಗಾದ ಅಳತೆ ಕೊಡುತ್ತೇನೆ, ಆರು ಜನಕ್ಕೆ. ಇದು ಬಂದರೆ ಉಳಿದದ್ದು ಸುಲಭ.

- ಚರ್ಮ ಇರುವ ಇಡೀ ಕೋಳಿ, ಒಂದೂವರೆ ಕಿಲೋ
- ನೀರು, ಮೂರೂವರೆ ಲೀಟರ್
- ಅಕ್ಕಿ 200 ಗ್ರಾಂ; ಅದರ ಜೊತೆ ಮೂರು ಚಮಚ ಅಂಟು ಅಕ್ಕಿ ಇದ್ದರೆ ಒಳ್ಳೆಯದು
- ಶುಂಠಿ, ಎರಡು ಹೆಬ್ಬೆರಳಿನಷ್ಟು
- ಈರುಳ್ಳಿ ಒಂದು, ಸಣ್ಣ ಈರುಳ್ಳಿ ಎಂಟು ಹತ್ತು
- ಈರುಳ್ಳಿ ಸೊಪ್ಪು, ಕೊತ್ತಂಬರಿ ಸೊಪ್ಪು
- ಮೀನಿನ ಸಾಸ್, ಕಾಳುಮೆಣಸು, ನಿಂಬೆ, ಉಪ್ಪು

ಬಾ ಜಾಸ್ಮಿನ್ ಅಕ್ಕಿ ಬಳಸುತ್ತಾರೆ. ಊರಲ್ಲಿ ನೀವು ಸೋನಾ ಮಸೂರಿ ಹಾಕಿ, ಏನೂ ತೊಂದರೆ ಇಲ್ಲ. ನುಚ್ಚಕ್ಕಿಯೂ ಆಗುತ್ತದೆ, ಬೇಗ ಬೇಯುತ್ತದೆ. ಹಳೆ ಅಕ್ಕಿ ಜಾಸ್ತಿ ನೀರು ಕುಡಿಯುತ್ತದೆ, ಅದು ನೆನಪಿರಲಿ.

ಮೀನಿನ ಸಾಸ್ ಅಂದರೆ ನುವಕ್ ಮಾಮ್. ಸಣ್ಣ ಮೀನು ಮತ್ತು ಉಪ್ಪನ್ನು ದೊಡ್ಡ ಮರದ ಪೀಪಾಯಿಗಳಲ್ಲಿ ವರ್ಷದಷ್ಟು ಕಾಲ ಇಟ್ಟು ಇಳಿಸಿದ ರಸ. ಫು ಕ್ವಾಕ್ ದ್ವೀಪದ್ದು ಹೆಸರುವಾಸಿ. ಬಾಟಲಿಯ ಹಿಂದೆ ಓದಿ: ಮೀನು, ಉಪ್ಪು ಇಷ್ಟೇ ಇದ್ದರೆ ಒಳ್ಳೆಯದು. ಕರಾವಳಿಯವರಿಗೆ ಈ ವಾಸನೆ ಹೊಸದಲ್ಲ. ಉಳಿದವರು ಬಾಟಲಿ ಮೂಸಿ ಹೆದರಬೇಡಿ, ಬಿಸಿಗೆ ಬಿದ್ದ ಮೇಲೆ ಅದರ ನಡತೆಯೇ ಬೇರೆ. ಆದರೆ ಇದರಲ್ಲಿ ಉಪ್ಪು ಬಹಳ. ಬಿಪಿ, ಕಿಡ್ನಿ ತೊಂದರೆ ಇರುವವರಿಗೆ ಅರ್ಧ ಚಮಚಕ್ಕೇ ನಿಲ್ಲಿಸಿ.

ತಿಯಾ ತೋ ಅಂದರೆ ಒಂದು ಕಡೆ ಹಸಿರು, ಇನ್ನೊಂದು ಕಡೆ ನೇರಳೆ ಇರುವ ಎಲೆ. ಇಲ್ಲಿ ವಿಯೆಟ್ನಾಮಿ ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಕರ್ನಾಟಕದಲ್ಲಿ ಸಿಗದಿದ್ದರೆ ಈರುಳ್ಳಿ ಸೊಪ್ಪನ್ನೇ ಎರಡರಷ್ಟು ಹಾಕಿ. ತುಳಸಿ ಹಾಕಿ ನೋಡಿದ್ದೇನೆ, ಹೊಂದುವುದಿಲ್ಲ.

ಹಂತ 3: ಕೋಳಿ ಬೇಯಿಸಿ, ಸಾರು ತಿಳಿಯಾಗಿಸಿ

ಶುಂಠಿ ಮತ್ತು ದೊಡ್ಡ ಈರುಳ್ಳಿಯನ್ನು ಸಿಪ್ಪೆ ಸಮೇತ ಗ್ಯಾಸ್ ಉರಿಯ ಮೇಲೆ ಸುಡಿ, ನಾವು ಬದನೆಕಾಯಿ ಸುಡುವ ಹಾಗೆ. ಹೊರಗೆ ಕಪ್ಪಾಗಿ ಒಳಗೆ ಮೆತ್ತಗಾಗಲಿ. ಕಪ್ಪಾದದ್ದನ್ನು ಕೆರೆದು ತೆಗೆಯಿರಿ, ಶುಂಠಿ ಜಜ್ಜಿ.

ಕೋಳಿಗೆ ಉಪ್ಪು ಉಜ್ಜಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ತಣ್ಣೀರಿನಲ್ಲಿಟ್ಟು ಉರಿ ಹಚ್ಚಿ. ಕುದಿ ಬರುವ ಹೊತ್ತಿಗೆ ಬೂದು ಬಣ್ಣದ ನೊರೆ ಏಳುತ್ತದೆ. ಬಾ ಅಲ್ಲಿಂದ ಕದಲುವುದೇ ಇಲ್ಲ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ನೀರಿನ ಬಟ್ಟಲು. ನೊರೆ ತೆಗೆದ ಸೌಟನ್ನು ಬಟ್ಟಲಿನಲ್ಲಿ ಅದ್ದಿ, ಮತ್ತೆ ತೆಗೆಯುತ್ತಾರೆ. ಫೋನ್ ಬಂದರೂ ಹೋಗುವುದಿಲ್ಲ. ನೊರೆ ನಿಂತ ಮೇಲೆ ಸುಟ್ಟ ಶುಂಠಿ, ಈರುಳ್ಳಿ, ಒಂದು ಚಮಚ ಉಪ್ಪು ಹಾಕಿ, ಉರಿ ತೀರಾ ಸಣ್ಣ ಮಾಡಿ. ಅಲ್ಲೊಂದು ಇಲ್ಲೊಂದು ಗುಳ್ಳೆ ಬಂದರೆ ಸಾಕು. ಕೊತಕೊತ ಕುದಿಸಿದರೆ ಸಾರು ಕದಡುತ್ತದೆ, ಮಾಂಸ ಒಣಗುತ್ತದೆ.

40 ನಿಮಿಷ ಬೇಯಲಿ. ಉರಿ ಆರಿಸಿ ಮುಚ್ಚಿ ಇನ್ನೂ ಹತ್ತು ನಿಮಿಷ. ತೊಡೆಗೆ ಚುಚ್ಚಿದರೆ ಕೆಂಪು ಕಾಣಬಾರದು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಕೋಳಿಯನ್ನು ಐದು ನಿಮಿಷ ಐಸ್ ನೀರಿನಲ್ಲಿಟ್ಟು ತೆಗೆಯಿರಿ, ಚರ್ಮ ಬಿಗಿಯಾಗುತ್ತದೆ. ಮಾಂಸವನ್ನು ಕೈಯಲ್ಲೇ ಎಳೆಎಳೆಯಾಗಿ ಬಿಡಿಸಿ, ಚಾಕು ಬೇಡ. ಮೂಳೆಗಳನ್ನು ಮತ್ತೆ ಸಾರಿಗೆ ಹಾಕಿ ಅರ್ಧ ತಾಸು ಇಟ್ಟು, ಸೋಸಿ.

ಹಂತ 4: ಅಕ್ಕಿ ಹುರಿಯಿರಿ

ನಮ್ಮ ಗಂಜಿಗೂ ಚಾವ್‌ಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಅಕ್ಕಿ ತೊಳೆದು, ನೀರು ಪೂರ್ತಿ ಬಸಿದು, ಒಣ ಬಾಣಲೆಗೆ ಹಾಕಿ. ಎಣ್ಣೆ ಬೇಡ. ಮಧ್ಯಮ ಉರಿ. ಮೊದಲು ಅಕ್ಕಿ ಬಾಣಲೆಗೆ ಅಂಟುತ್ತದೆ, ಸೌಟಿನಿಂದ ಬಿಡಿಸುತ್ತಾ ಇರಿ. ಎರಡು ಮೂರು ನಿಮಿಷಕ್ಕೆ ಕಾಳು ಬಿಡಿಬಿಡಿಯಾಗುತ್ತದೆ. ಆಮೇಲೆ ಗಾಜಿನ ಹಾಗಿದ್ದ ಅಕ್ಕಿ ಸುಣ್ಣದ ಹಾಗೆ ಬಿಳಿಯಾಗುತ್ತದೆ. ಸೌಟು ಆಡಿಸುವ ಸದ್ದು ಕೂಡ ಬದಲಾಗುತ್ತದೆ, ಮರಳಿನಂತೆ ಸರಸರ ಅನ್ನುತ್ತದೆ. ಬಾ ಈ ಸದ್ದಿಗೇ ಕಾಯುತ್ತಾರೆ. ಅಲ್ಲೊಂದು ಇಲ್ಲೊಂದು ಕಾಳು ಹೊಂಬಣ್ಣಕ್ಕೆ ತಿರುಗಿ, ಹುರಿದ ವಾಸನೆ ಬಂದ ಕೂಡಲೇ ಇಳಿಸಿ. ಕೆಂಪಾದರೆ ಗಂಜಿ ಕಹಿ.

ಹುರಿದ ಅಕ್ಕಿ ಮುದ್ದೆಯಾಗುವುದಿಲ್ಲ. ಕಾಳು ಹೂವಿನ ಹಾಗೆ ಅರಳಿ ಸಾರಿನಲ್ಲಿ ತೇಲುತ್ತದೆ. ತೀರಾ ನಿತ್ರಾಣ ಆದವರಿಗೆ, ಹಲ್ಲಿಲ್ಲದವರಿಗೆ ಮಾತ್ರ ಹುರಿಯಬೇಡಿ. ಅವರಿಗೆ ಕರಗಿದ ಗಂಜಿಯೇ ಬೇಕು.

ಹಂತ 5: ಬೇಯಿಸಿ, ರುಚಿ ಸರಿ ಮಾಡಿ

ಸೋಸಿದ ಸಾರು ಮೂರು ಲೀಟರ್ ಇರಲಿ, ಕಡಿಮೆ ಇದ್ದರೆ ನೀರು ಸೇರಿಸಿ. ಕುದಿ ಬಂದ ಮೇಲೆ ಅಕ್ಕಿ ಹಾಕಿ. 35ರಿಂದ 40 ನಿಮಿಷ ಸಣ್ಣ ಉರಿ. ಮುಚ್ಚಳ ಓರೆಯಾಗಿರಲಿ, ಇಲ್ಲದಿದ್ದರೆ ಉಕ್ಕುತ್ತದೆ. ತಳ ಹಿಡಿಯದ ಹಾಗೆ ಆಗಾಗ ಕೈಯಾಡಿಸಿ, ಆದರೆ ಮಸೆಯಬೇಡಿ. ಪ್ರೆಶರ್ ಕುಕ್ಕರಿನಲ್ಲೂ ಮಾಡಬಹುದು. ನಾನು ಮಾಡಿದ್ದೇನೆ. ಆದರೆ ನಡುವೆ ಮುಚ್ಚಳ ತೆಗೆದು ನೋಡಿ ನಿಲ್ಲಿಸಲು ಆಗುವುದಿಲ್ಲವಲ್ಲ, ಅದಕ್ಕೇ ನನಗೆ ತೆರೆದ ಪಾತ್ರೆಯೇ ಇಷ್ಟ.

ಕೊನೆಗೆ ಎರಡು ಚಮಚ ಮೀನಿನ ಸಾಸ್. ರುಚಿ ನೋಡಿ. ಉಪ್ಪು ಒಂದು ಚೂರು ಕಡಿಮೆಯೇ ಇರಲಿ, ತಿನ್ನುವವರು ಬಟ್ಟಲಿನಲ್ಲಿ ಸರಿ ಮಾಡಿಕೊಳ್ಳುತ್ತಾರೆ. ಜ್ವರದ ನಾಲಿಗೆಗೆ ನಮ್ಮ ನಾಲಿಗೆಯ ರುಚಿ ಹೊಂದುವುದಿಲ್ಲ. ಆರುತ್ತಾ ಬಂದಂತೆ ಚಾವ್ ಗಟ್ಟಿಯಾಗುತ್ತದೆ. ಅದಕ್ಕೇ ಒಲೆಯ ಮೇಲೆ ಇರುವಾಗ ಬೇಕಾದ್ದಕ್ಕಿಂತ ತೆಳ್ಳಗಿರಲಿ.

ಸಣ್ಣ ಈರುಳ್ಳಿ ತೆಳ್ಳಗೆ ಹೆಚ್ಚಿ ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿಯಿರಿ. ಬಟ್ಟಲಿಗೆ ಬಿಸಿ ಗಂಜಿ, ಮೇಲೆ ಕೋಳಿ, ಈರುಳ್ಳಿ ಸೊಪ್ಪು, ಕೊತ್ತಂಬರಿ, ಕರಿದ ಈರುಳ್ಳಿ, ಜಜ್ಜಿದ ಕಾಳುಮೆಣಸು, ನಾಲ್ಕು ಹನಿ ನಿಂಬೆ. ಮನೆಮಂದಿಗೆ ಪಕ್ಕದಲ್ಲಿ ಶುಂಠಿ ಸಾಸ್ ಇಡಿ: ಶುಂಠಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಮೆಣಸಿನಕಾಯಿ ಜಜ್ಜಿ, ಸಕ್ಕರೆ ಎರಡು ಚಮಚ, ನಿಂಬೆರಸ ಎರಡು, ಮೀನಿನ ಸಾಸ್ ಮೂರು, ಬಿಸಿನೀರು ಮೂರು ಚಮಚ. ಉಳಿದ ಕೋಳಿಯನ್ನು ಎಲೆಕೋಸು, ಈರುಳ್ಳಿ ಜೊತೆ ಕಲಸಿ ಅದೇ ಸಾಸ್ ಸುರಿದರೆ ಗೊಯ್ ಗಾ, ಕೋಸಂಬರಿಯ ಬಳಗದ್ದು.

ಶೀತದ ಚಾವ್ ಬೇಕಿದ್ದರೆ ಕೋಳಿ ಬಿಟ್ಟು, ಬಿಳಿ ಗಂಜಿ ಕುದಿಯುತ್ತಿರುವಾಗಲೇ ಒಂದು ಮೊಟ್ಟೆ ಒಡೆದು ಚೆನ್ನಾಗಿ ಬೇಯಿಸಿ. ಇಳಿಸುವ ಮುಂಚೆ ಒಂದು ಹಿಡಿ ಈರುಳ್ಳಿ ಸೊಪ್ಪು, ಒಂದು ಹಿಡಿ ತಿಯಾ ತೋ, ಶುಂಠಿ ಎಳೆಗಳು, ಕಾಳುಮೆಣಸು. ಸುಡುಸುಡು ತಿನ್ನಿಸಿ, ಹೊದ್ದು ಕೂರಿಸುತ್ತಾರೆ. ಬೆವರು ಬಂದರೆ ಒರೆಸಿ ಒಣಬಟ್ಟೆ ಹಾಕುತ್ತಾರೆ. ನಮ್ಮಲ್ಲಿ ಮೆಣಸಿನ ಸಾರು ಕುಡಿಸಿ ಕಂಬಳಿ ಹೊದಿಸುತ್ತಾರಲ್ವಾ, ಹಾಗೆಯೇ.

ಮಾಂಸ ತಿನ್ನದವರಿಗೂ ದಾರಿ ಇದೆ. ಬೌದ್ಧ ಮನೆಗಳಲ್ಲಿ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು 15ನೇ ದಿನ ಸಸ್ಯಾಹಾರ ಮಾಡುವವರು ಬಹಳ. ಅವತ್ತು ಅಣಬೆ, ಕ್ಯಾರೆಟ್, ಮೂಲಂಗಿ ಬೇಯಿಸಿದ ನೀರೇ ಸಾರು, ಮೀನಿನ ಸಾಸ್ ಬದಲು ಸೋಯಾ ಸಾಸ್. ಹೆಸರುಕಾಳು ಸೇರಿಸಿದರೆ ಬೇಸಿಗೆಗೆ ತಂಪು.

ನಾಣ್ಯ, ಎಣ್ಣೆಯ ಬಗ್ಗೆ ಎಚ್ಚರ

ಚಾವ್ ಜೊತೆಗೆ ಈ ಮನೆಗಳಲ್ಲಿ ಇನ್ನೊಂದು ಆರೈಕೆ ಬರುತ್ತದೆ. ಹೆಸರು ಕಾವ್ ಯೊ, ಅಂದರೆ ಗಾಳಿ ಕೆರೆದು ತೆಗೆಯುವುದು. ಬೆನ್ನಿಗೆ ಮೆಂಥಾಲ್ ಇರುವ ಹಸಿರು ಎಣ್ಣೆ ಹಚ್ಚಿ, ನಾಣ್ಯದ ಅಂಚಿನಿಂದ ಬೆನ್ನೆಲುಬಿನ ಪಕ್ಕದಿಂದ ಹೊರಕ್ಕೆ ಕೆರೆಯುತ್ತಾರೆ. ಕೆಂಪು ಗೀರು ಏಳುತ್ತವೆ, ಕೆಲವು ದಿನಕ್ಕೆ ಮಾಯುತ್ತವೆ. ನಿರಾಶ್ರಿತರು ಬಂದ ಹೊಸತರಲ್ಲಿ ಈ ಗೀರು ನೋಡಿ ಮಗುವಿಗೆ ಹೊಡೆದಿದ್ದಾರೆ ಅಂತ ಅಮೆರಿಕದ ಡಾಕ್ಟರುಗಳು, ಶಿಕ್ಷಕರು ತಪ್ಪು ತಿಳಿದದ್ದುಂಟು. ಅಕ್ಕರೆಯಿಂದ ಆರೈಕೆ ಮಾಡಿದ ಅಮ್ಮಂದಿರು ಅನುಮಾನಕ್ಕೆ ಸಿಕ್ಕಿಬಿದ್ದರು. ಎಷ್ಟು ನೋವಾಗಿರಬೇಕು.

ನೋಡಿಕೊಂಡು ನೀವೇ ಇದನ್ನು ಮಾಡಲು ಹೋಗಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಚರ್ಮ ಸೂಕ್ಷ್ಮ ಇರುವವರಿಗೆ ಅಪಾಯ. ಮೆಂಥಾಲ್, ಕರ್ಪೂರದ ಎಣ್ಣೆಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಲೇಬಾರದು. ಆದರೆ ಯಾರದ್ದಾದರೂ ಬೆನ್ನಿನಲ್ಲಿ ಸಾಲುಸಾಲು ಗೀರು ಕಂಡರೆ ಮೊದಲು ಕೇಳಿ, ಆಮೇಲೆ ಮಾತಾಡಿ.

ಹಂತ 6: ಒಯ್ಯಿರಿ, ಬಡಿಸಿ, ಉಳಿದದ್ದನ್ನು ಇಡಿ

ಗಂಜಿ ಒಂದು ಪಾತ್ರೆಯಲ್ಲಿ, ಸೊಪ್ಪು ಇನ್ನೊಂದರಲ್ಲಿ, ಕರಿದ ಈರುಳ್ಳಿ ಬೇರೆ ಡಬ್ಬಿಯಲ್ಲಿ. ಮೊದಲೇ ಬೆರೆಸಿದರೆ ಎಲೆ ಕಪ್ಪಾಗುತ್ತದೆ. ಚಪ್ಪಲಿ ಹೊರಗೆ ಬಿಡಿ. ಹಿರಿಯರಿಗೆ ಎರಡೂ ಕೈಯಿಂದ ಕೊಡಿ. ಒಳಗೆ ತೀರಿಹೋದವರ ಫೋಟೊ, ಊದಿನಕಡ್ಡಿ ಇಟ್ಟ ಗೂಡು ಇರುತ್ತದೆ. ಕೆಲವು ಮನೆಗಳಲ್ಲಿ ಮೊದಲ ಬಟ್ಟಲು ಅಲ್ಲಿಗೇ ಹೋಗುತ್ತದೆ, ಕಾಯಿರಿ. ಊಟಕ್ಕೆ ಕೂತಾಗ ಚಿಕ್ಕವರು ಒಬ್ಬೊಬ್ಬ ದೊಡ್ಡವರನ್ನೂ ಹೆಸರಿಟ್ಟಲ್ಲ, ಸಂಬಂಧ ಹೇಳಿ ಕರೆಯುತ್ತಾರೆ: ಅಜ್ಜಿ ಊಟ ಮಾಡಿ, ಅಪ್ಪ ಊಟ ಮಾಡಿ ಅಂತ. ಆಮೇಲೇ ಚಮಚ ಎತ್ತುವುದು. ಸದಾ ಇಂಗ್ಲಿಷ್ ಮಾತಾಡುವ ಬಾ ಮೊಮ್ಮಗ ಕೂಡ ಇದನ್ನು ಮಾತ್ರ ವಿಯೆಟ್ನಾಮಿಯಲ್ಲೇ ಹೇಳುತ್ತಾನೆ. ಅಪ್ಪನ ಜೊತೆ ಮಾತು ಬಿಟ್ಟಿದ್ದ ಒಂದು ವಾರದಲ್ಲೂ ಊಟದ ಹೊತ್ತಿಗೆ ಆ ಒಂದು ಮಾತು ಬಿಡಲಿಲ್ಲ. ಎಂಟನೇ ದಿನ ಅಪ್ಪ ಕೋಳಿಯ ತೊಡೆಯ ತುಂಡನ್ನು ಅವನ ಬಟ್ಟಲಿಗೆ ಹಾಕಿದರು. ಅಲ್ಲಿಗೆ ಜಗಳ ಮುಗಿಯಿತು.

ಉಳಿದ ಚಾವ್ ಅನ್ನು ಎರಡು ತಾಸಿನೊಳಗೆ ಅಗಲ ಪಾತ್ರೆಗೆ ಸುರಿದು ಆರಿಸಿ ಫ್ರಿಜ್‌ಗೆ ಇಡಿ. ಎರಡು ಮೂರು ದಿನ ಇರುತ್ತದೆ. ಬಿಸಿ ಮಾಡುವಾಗ ಬಿಸಿನೀರು ಸೇರಿಸಿ ಪೂರ್ತಿ ಕುದಿಸಿ.

ಒಯ್ದ ಪಾತ್ರೆ ಕೂಡಲೇ ವಾಪಸ್ ಬರಲಿ ಅಂತ ಕಾಯಬೇಡಿ. ಬಾ ಮಂಡಿ ಗುಣವಾಗಿ, ಕೋಲು ಹಿಡಿದು ನಡೆಯುವಷ್ಟಾದ ಮೇಲೆ ನನ್ನ ಸ್ಟೀಲ್ ಡಬ್ಬಿ ಬಂತು. ತಾವೇ ತಂದುಕೊಟ್ಟರು. ಒಳಗೆ ಅವರ ಹಿತ್ತಲಿನ ಪರ್ಸಿಮನ್ ಹಣ್ಣು, ಆರು. ಮೇಲೆ ದೊಡ್ಡಪತ್ರೆಯ ಎರಡು ಕೊಂಬೆ, ಒದ್ದೆ ಟಿಶ್ಯೂ ಸುತ್ತಿ, ನೆಡಲು ಅಂತ.